ಗುಲಾಮಗಿರಿಯ ನಿರ್ಮೂಲನವೂ ಕ್ರೈಸ್ತ ಮನಸ್ಸಾಕ್ಷಿಯೂ

ಒಂದು ಧರ್ಮವು ಸಮಾಜದ ನೀತಿಯ ಮೇಲೆ ಬೀರಿದ ಪ್ರಭಾವವು ಎಷ್ಟು ಎಂಬ ಪ್ರಶ್ನೆಗೆ ಉತ್ತರವನ್ನು ಆ ಧರ್ಮದ ಗ್ರಂಥಗಳಲ್ಲಿ ಮಾತ್ರ ಹುಡುಕಿದರೆ ಸಾಲದು. ದಯೆಯನ್ನು ಬೋಧಿಸದ ಮತವು ಲೋಕದಲ್ಲಿ ಇಲ್ಲ. ನಿರ್ದಯೆಯನ್ನು ಕಾಣದ ಸಮಾಜವೂ ಇಲ್ಲ. ಆದುದರಿಂದ ಬೋಧೆಗೂ ಬಾಳಿಗೂ ನಡುವೆ ಇರುವ ಅಂತರವನ್ನು ಯಾರು, ಯಾವಾಗ, ಎಷ್ಟರ ಮಟ್ಟಿಗೆ ಕಡಿಮೆ ಮಾಡಿದರು ಎಂಬುದನ್ನು ಚರಿತ್ರೆಯಲ್ಲಿ ನೋಡಬೇಕು. ಕ್ರೈಸ್ತ ಧರ್ಮವನ್ನು ಕುರಿತು ಹಾಗೆ ನೋಡಲು ನಮಗೆ ಗುಲಾಮಗಿರಿಯ ನಿರ್ಮೂಲನಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕದು. ಏಕೆಂದರೆ ಈ ಒಂದು ಪ್ರಕರಣದಲ್ಲಿ ಆ ಧರ್ಮವು ಅಪರಾಧಿಯ ಬಾಯಲ್ಲಿಯೂ ಇದ್ದಿತು, ದೂರು ಕೊಟ್ಟವನ ಬಾಯಲ್ಲಿಯೂ ಇದ್ದಿತು, ಸಂಕಲೆ ತೊಟ್ಟವನ ಬಾಯಲ್ಲಿಯೂ ಇದ್ದಿತು.

ಶಾಲೆಯ ಚರಿತ್ರೆಯ ಪಾಠದಲ್ಲಿ ಈ ವಿಷಯ ಬಂದರೆ ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. ವಿಲ್ಬರ್‌ಫೋರ್ಸ್ ಎಂಬ ಮಹಾನುಭಾವನು ಪಾರ್ಲಿಮೆಂಟಿನಲ್ಲಿ ವಾದಿಸಿ ಗುಲಾಮಗಿರಿಯನ್ನು ನಿಲ್ಲಿಸಿದನೆಂದು ಮಕ್ಕಳು ಉರುಹೊಡೆಯುತ್ತಾರೆ. ಒಬ್ಬ ಮನುಷ್ಯ, ಒಂದು ಭಾಷಣ, ಒಂದು ಶಾಸನ! ಪರೀಕ್ಷೆಗೆ ಇದು ಸಾಕಾದೀತು. ಆದರೆ ಲೋಕದಲ್ಲಿ ಒಳ್ಳೆಯದು ಹೇಗೆ ನಡೆಯುತ್ತದೆ ಎಂಬುದನ್ನು ಅರಿಯಲು ಸಾಲದು. ಆ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಇಲ್ಲಿ ಹೇಳಲು ಯತ್ನಿಸುತ್ತೇವೆ.

ಸಕ್ಕರೆಯ ಬೆಲೆ

ಹದಿನಾರನೆಯ ಶತಮಾನದಿಂದ ಹತ್ತೊಂಬತ್ತನೆಯ ಶತಮಾನದವರೆಗೆ ಯುರೋಪಿನ ಹಡಗುಗಳು ಆಫ್ರಿಕದ ಪಶ್ಚಿಮ ತೀರದಿಂದ ಸುಮಾರು ಒಂದೂಕಾಲು ಕೋಟಿ ಜನರನ್ನು ಅಟ್ಲಾಂಟಿಕ್ ಸಮುದ್ರದಾಚೆಗೆ ಸಾಗಿಸಿದುವೆಂದು ಇತಿಹಾಸಕಾರರು ಹಡಗುಗಳ ಲೆಕ್ಕಪತ್ರಗಳಿಂದ ಅಂದಾಜು ಮಾಡಿದ್ದಾರೆ. ಅವರಲ್ಲಿ ಆಚೆಯ ದಡವನ್ನು ಜೀವಸಹಿತ ಮುಟ್ಟಿದವರು ಸುಮಾರು ಒಂದು ಕೋಟಿ ಏಳು ಲಕ್ಷ. ಉಳಿದವರು ಸಮುದ್ರದ ಪಾಲಾದರು. ಹದಿನೆಂಟನೆಯ ಶತಮಾನದಲ್ಲಿ ಈ ವ್ಯಾಪಾರದಲ್ಲಿ ಮುಂದಾಗಿದ್ದುದು ಇಂಗ್ಲೆಂಡು. ಲಿವರ್‌ಪೂಲ್, ಬ್ರಿಸ್ಟಲ್ ಮೊದಲಾದ ಬಂದರುಗಳಿಂದ ಬಟ್ಟೆ, ಬಂದೂಕು, ಮದ್ಯಗಳನ್ನು ತುಂಬಿಕೊಂಡು ಹಡಗುಗಳು ಆಫ್ರಿಕಕ್ಕೆ ಹೋಗುತ್ತಿದ್ದುವು. ಅಲ್ಲಿ ಅವುಗಳಿಗೆ ಬದಲಾಗಿ ಮನುಷ್ಯರನ್ನು ಪಡೆದು ವೆಸ್ಟ್ ಇಂಡೀಸ್ ದ್ವೀಪಗಳಿಗೆ ಸಾಗಿಸುತ್ತಿದ್ದುವು. ಅಲ್ಲಿಂದ ಸಕ್ಕರೆಯನ್ನು ತುಂಬಿಕೊಂಡು ಊರಿಗೆ ಮರಳುತ್ತಿದ್ದುವು. ಇಂಗ್ಲಿಷ್ ಮನೆಯ ಚಹದ ಬಟ್ಟಲನ್ನು ಸಿಹಿಯಾಗಿಸಿದ ಸಕ್ಕರೆಗೆ ಬೆಲೆ ತೆತ್ತವರು ಈ ನಿರಪರಾಧಿಗಳು.

ಭಾನುವಾರ ತಪ್ಪದೆ ದೇವಾಲಯಕ್ಕೆ ಹೋಗುತ್ತಿದ್ದ ಜನರು ಇದನ್ನು ಹೇಗೆ ಸಹಿಸಿದರು? ಸಹಿಸಿದುದು ಮಾತ್ರವಲ್ಲ, ಸಮರ್ಥಿಸಿದರು. ನೋಹನ ಶಾಪದ ಕಥೆಯನ್ನು ಹಿಡಿದು ಕಪ್ಪು ಜನರು ದಾಸ್ಯಕ್ಕೆಂದೇ ಹುಟ್ಟಿದವರೆಂದು ಕೆಲವರು ಅರ್ಥ ಹೇಳಿದರು. ಸೇವಕರು ಒಡೆಯರಿಗೆ ವಿಧೇಯರಾಗಿರಬೇಕೆಂಬ ಪೌಲನ ಬೋಧೆಯನ್ನು ಮತ್ತೆ ಕೆಲವರು ಎತ್ತಿ ತೋರಿಸಿದರು. ಕ್ರಿಸ್ತನ ಸುವಾರ್ತೆಯನ್ನು ಹೊರದೇಶಗಳಲ್ಲಿ ಸಾರಲೆಂದು ಹುಟ್ಟಿದ ಇಂಗ್ಲಿಷ್ ಸಂಸ್ಥೆಯೊಂದಕ್ಕೆ ಕ್ರಿಸ್ಟಫರ್ ಕಾಡ್ರಿಂಗ್ಟನ್ ಎಂಬವನು ೧೭೧೦ರಲ್ಲಿ ಸಾಯುವಾಗ ಬಾರ್ಬಡೋಸ್ ದ್ವೀಪದ ತನ್ನ ಎರಡು ತೋಟಗಳನ್ನು ದಾನವಾಗಿ ಬಿಟ್ಟಿದ್ದನು. ದಾನದೊಡನೆ ಗುಲಾಮರೂ ಬಂದರು. ಆ ಧರ್ಮಸಂಸ್ಥೆಯು ಅವರನ್ನು ಬಿಡುಗಡೆ ಮಾಡಲಿಲ್ಲ. ಅವರ ಎದೆಯ ಮೇಲೆ ತನ್ನ ಹೆಸರಿನ ಬರೆಯನ್ನು ಕಾದ ಕಬ್ಬಿಣದಿಂದ ಹಾಕಿಸಿತು. ೧೮೦೭ರಲ್ಲಿ ಲಂಡನ್ನಿನಲ್ಲಿ ಗುಲಾಮರ ಉಪಯೋಗಕ್ಕಾಗಿಯೇ ಒಂದು ಬೈಬಲ್ ಸಂಗ್ರಹವು ಅಚ್ಚಾಯಿತು. ಇಸ್ರಾಯೇಲ್ ಜನರು ಐಗುಪ್ತದ ದಾಸ್ಯದಿಂದ ಬಿಡುಗಡೆ ಹೊಂದಿದ ಕಥೆಯೇ ಅದರಲ್ಲಿ ಇರಲಿಲ್ಲ! 'ಹೇಳುವುದು ಶಾಸ್ತ್ರ, ಹಾಕುವುದು ಗಾಳ' ಎಂಬ ನಮ್ಮ ಗಾದೆಗೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಕೆ?

ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಕತ್ತರಿಸಿ ತೆಗೆಯಬೇಕಾಯಿತೆಂಬುದೇ ಆ ಗ್ರಂಥದಲ್ಲಿ ಒಡೆಯರಿಗೆ ಭಯ ಹುಟ್ಟಿಸುವ ಅಂಶವಿತ್ತೆಂಬುದಕ್ಕೆ ಸಾಕ್ಷಿ.

ಒಬ್ಬ ದರ್ಜಿಯ ಸಂಕೋಚ

ಹಡಗುಗಳ ಬಲವನ್ನಾಗಲಿ ಹಣದ ಬಲವನ್ನಾಗಲಿ ಕಾಣದ ಸಾಮಾನ್ಯರಿಂದ ಈ ಅನ್ಯಾಯದ ವಿರೋಧವು ಮೊದಲಾಯಿತು. ಕ್ವೇಕರ್ ಪಂಥದವರು ಕ್ರೈಸ್ತರಲ್ಲಿಯೇ ಒಂದು ಚಿಕ್ಕ ಗುಂಪು. ಅವರಿಗೆ ಪಾದ್ರಿಗಳಿಲ್ಲ, ಪ್ರತಿಯೊಬ್ಬ ಮನುಷ್ಯನ ಅಂತರಂಗದಲ್ಲಿಯೂ ದೇವರ ಬೆಳಕು ಇದೆಯೆಂಬುದು ಅವರ ನಂಬಿಕೆ. ಅಮೇರಿಕದ ಪೆನ್ಸಿಲ್ವೇನಿಯದ ಜರ್ಮನ್‌ಟೌನ್ ಎಂಬಲ್ಲಿ ನಾಲ್ವರು ೧೬೮೮ರಷ್ಟು ಹಿಂದೆಯೇ ಗುಲಾಮರನ್ನಿಟ್ಟುಕೊಳ್ಳುವುದು ತಪ್ಪೆಂದು ತಮ್ಮ ಸಭೆಗೆ ಬರೆದುಕೊಟ್ಟಿದ್ದರು. ಅದಕ್ಕೆ ಯಾರೂ ಕಿವಿಗೊಡಲಿಲ್ಲ. ಕ್ವೇಕರರಲ್ಲಿಯೂ ಗುಲಾಮರ ಒಡೆಯರು ಇದ್ದರು.

ಜಾನ್ ವುಲ್ಮನ್ (೧೭೨೦–೧೭೭೨) ನ್ಯೂಜೆರ್ಸಿಯ ಒಬ್ಬ ದರ್ಜಿ. ಯೌವನದಲ್ಲಿ ಅವನು ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಗ ಯಜಮಾನನು ತನ್ನ ದಾಸಿಯೊಬ್ಬಳನ್ನು ಮಾರಿ, ಕ್ರಯಪತ್ರವನ್ನು ಬರೆಯೆಂದು ಅವನಿಗೆ ಹೇಳಿದನು. ವುಲ್ಮನ್ ಬರೆದನು. ಬರೆದಮೇಲೆ ಅವನ ಮನಸ್ಸಿಗೆ ನೆಮ್ಮದಿಯಿಲ್ಲದಾಯಿತು. ಮುಂದೆ ಅಂತಹ ಪತ್ರವನ್ನು ಯಾರು ಕೇಳಿದರೂ ಅವನು ಬರೆದುಕೊಡಲಿಲ್ಲ. ಊರೂರು ತಿರುಗಿ ಗುಲಾಮರ ಒಡೆಯರ ಮನೆಗಳಿಗೆ ಹೋಗಿ, ಕೋಪವಿಲ್ಲದೆ, ನಿಂದೆಯಿಲ್ಲದೆ ಅವರೊಡನೆ ಮಾತನಾಡಿದನು. ಅಂತಹ ಮನೆಯಲ್ಲಿ ಉಳಿದುಕೊಳ್ಳಬೇಕಾಗಿ ಬಂದರೆ ತನಗೆ ಉಪಚಾರ ಮಾಡಿದ ಗುಲಾಮರಿಗೆ ಕೂಲಿ ಕೊಟ್ಟು ಹೊರಡುತ್ತಿದ್ದನು. ಬಣ್ಣದ ನೂಲಿನಲ್ಲಿ ಗುಲಾಮರ ದುಡಿಮೆಯಿದೆಯೆಂದು ಬಣ್ಣವಿಲ್ಲದ ಬಟ್ಟೆಯನ್ನು ತೊಟ್ಟನು. ೧೭೫೪ರಲ್ಲಿ ಗುಲಾಮಗಿರಿಯ ವಿರುದ್ಧ ಒಂದು ಪುಸ್ತಿಕೆಯನ್ನು ಪ್ರಕಟಿಸಿದನು. ಶಾಲೆಯನ್ನು ನಡೆಸಿ ಮಕ್ಕಳಿಗಾಗಿ ಮೊದಲ ಪಾಠಗಳ ಪುಸ್ತಕವನ್ನೂ ಬರೆದನೆಂಬುದು ಉಪಾಧ್ಯಾಯರಾದ ನಮಗೆ ವಿಶೇಷ ಸಂತೋಷದ ಸಂಗತಿ.

ಇಂತಹವರ ಎಡೆಬಿಡದ ಪ್ರಯತ್ನದಿಂದ ಫಿಲಡೆಲ್ಫಿಯದ ಕ್ವೇಕರ್ ಮಹಾಸಭೆಯು ೧೭೫೮ರಲ್ಲಿ ಗುಲಾಮರನ್ನು ಕೊಳ್ಳುವ ಮಾರುವ ಸದಸ್ಯರನ್ನು ಸಭೆಯ ಕಾರ್ಯಗಳಿಂದ ದೂರವಿಟ್ಟಿತು. ೧೭೭೬ರಲ್ಲಿ ಗುಲಾಮರನ್ನು ಬಿಡದವರನ್ನು ಪಂಥದಿಂದಲೇ ಹೊರಹಾಕಿತು. ಇನ್ನೊಬ್ಬರಿಗೆ ಬೋಧಿಸುವ ಮೊದಲು ತಮ್ಮ ಮನೆಯನ್ನು ಗುಡಿಸಿಕೊಂಡುದೇ ಈ ಜನರ ಹಿರಿಮೆ.

ಹಡಗಿನ ಮೊಕದ್ದಮೆ ಮತ್ತು ಹನ್ನೆರಡು ಮಂದಿ

೧೭೮೧ರ ಕೊನೆಯಲ್ಲಿ 'ಝಾಂಗ್' ಎಂಬ ಲಿವರ್‌ಪೂಲಿನ ಹಡಗು ದಾರಿತಪ್ಪಿ, ಕುಡಿಯುವ ನೀರು ಸಾಲದೆಂಬ ಕಾರಣವನ್ನು ಹೇಳಿ, ಅದರ ನಾವಿಕರು ನೂರ ಮೂವತ್ತಕ್ಕಿಂತ ಹೆಚ್ಚು ಆಫ್ರಿಕನರನ್ನು ಜೀವಸಹಿತ ಸಮುದ್ರಕ್ಕೆ ಎಸೆದರು. ಊರಿಗೆ ಬಂದಮೇಲೆ ಹಡಗಿನ ಮಾಲೀಕರು ತಲೆಗೆ ೩೦ ಪೌಂಡಿನಂತೆ ವಿಮೆಯ ಹಣವನ್ನು ಕೇಳಿದರು. ೧೭೮೩ರಲ್ಲಿ ಈ ವ್ಯಾಜ್ಯವು ನ್ಯಾಯಸ್ಥಾನದ ಮುಂದೆ ಬಂದುದು ಕೊಲೆಯ ಮೊಕದ್ದಮೆಯಾಗಿ ಅಲ್ಲ, ಸರಕಿನ ನಷ್ಟದ ಮೊಕದ್ದಮೆಯಾಗಿ! ಒಮ್ಮೆ ಗುಲಾಮನಾಗಿದ್ದು ಸ್ವಂತ ದುಡಿಮೆಯಿಂದ ಬಿಡುಗಡೆಯನ್ನು ಕೊಂಡುಕೊಂಡಿದ್ದ ಓಲೌಡ ಇಕ್ವಿಯಾನೊ ಎಂಬವನು ಈ ಸುದ್ದಿಯನ್ನು ಗ್ರಾನ್‌ವಿಲ್ ಶಾರ್ಪ್ ಎಂಬ ದೈವಭಕ್ತನಿಗೆ ಮುಟ್ಟಿಸಿದನು. ಶಾರ್ಪನು ಕೊಲೆಯ ಆಪಾದನೆಯನ್ನು ಹೊರಿಸಲು ಬಹಳ ಹೆಣಗಿದನು, ಯಾರಿಗೂ ಶಿಕ್ಷೆಯಾಗಲಿಲ್ಲ. ಆದರೆ ಆ ಸುದ್ದಿಯು ಅನೇಕರ ನಿದ್ದೆಯನ್ನು ಕೆಡಿಸಿತು.

೧೭೮೫ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾನಿಲಯವು ಇತರರನ್ನು ಅವರ ಇಚ್ಛೆಗೆ ವಿರುದ್ಧವಾಗಿ ದಾಸರನ್ನಾಗಿ ಮಾಡುವುದು ನ್ಯಾಯವೇ ಎಂಬ ವಿಷಯದ ಮೇಲೆ ಲ್ಯಾಟಿನ್ ಭಾಷೆಯಲ್ಲಿ ಪ್ರಬಂಧಸ್ಪರ್ಧೆಯನ್ನು ಇಟ್ಟಿತು. ಥಾಮಸ್ ಕ್ಲಾರ್ಕ್‌ಸನ್ ಎಂಬ ತರುಣನು ಬಹುಮಾನಕ್ಕಾಗಿ ಬರೆದನು, ಬಹುಮಾನವನ್ನು ಪಡೆದನು. ಲಂಡನ್ನಿಗೆ ಹೋಗುವ ದಾರಿಯಲ್ಲಿ ಅವನಿಗೆ ತಾನು ಬರೆದುದು ನಿಜವಾದರೆ ಈ ದುಃಖವನ್ನು ಕೊನೆಗಾಣಿಸುವವರು ಯಾರಾದರೂ ಬೇಕಲ್ಲವೆ ಎಂಬ ಯೋಚನೆ ಹತ್ತಿತು. ಕುದುರೆಯಿಂದಿಳಿದು ರಸ್ತೆಯ ಬದಿಯಲ್ಲಿ ಕುಳಿತನು. ಪ್ರಬಂಧವು ಅಲ್ಲಿಗೆ ಬದುಕಾಯಿತು. ಬಹುಮಾನಕ್ಕಾಗಿ ಪ್ರಬಂಧ ಬರೆಯುವ ನಮ್ಮ ವಿದ್ಯಾರ್ಥಿಗಳು ಈ ಘಟನೆಯನ್ನು ನೆನಪಿನಲ್ಲಿಡಬೇಕು.

೧೭೮೭ರ ಮೇ ೨೨ರಂದು ಲಂಡನ್ನಿನ ಒಂದು ಮುದ್ರಣಾಲಯದಲ್ಲಿ ಹನ್ನೆರಡು ಮಂದಿ ಸೇರಿ ಗುಲಾಮರ ವ್ಯಾಪಾರವನ್ನು ನಿಲ್ಲಿಸಲು ಸಮಿತಿಯೊಂದನ್ನು ಸ್ಥಾಪಿಸಿದರು. ಅವರಲ್ಲಿ ಒಂಬತ್ತು ಮಂದಿ ಕ್ವೇಕರರು. ಶಾರ್ಪ್, ಕ್ಲಾರ್ಕ್‌ಸನ್ ಮೊದಲಾದ ಮೂವರು ಇಂಗ್ಲೆಂಡಿನ ರಾಜಮತದವರು. ಕ್ಲಾರ್ಕ್‌ಸನ್ನನು ಏಳು ವರ್ಷಗಳಲ್ಲಿ ಸುಮಾರು ೩೫,೦೦೦ ಮೈಲು ಕುದುರೆಯ ಮೇಲೆ ತಿರುಗಿ, ಬಂದರುಗಳಲ್ಲಿ ನಾವಿಕರನ್ನು ವಿಚಾರಿಸಿ, ಕೈಕೋಳ, ಬೆರಳು ಹಿಸುಕುವ ತಿರುಪು ಮುಂತಾದುವನ್ನು ಅಂಗಡಿಯಲ್ಲಿ ಕೊಂಡು ತಂದು ಜನರಿಗೆ ತೋರಿಸಿದನು. ಕುಂಬಾರಿಕೆಯ ಉದ್ಯಮಿಯಾದ ವೆಜ್‌ವುಡ್ಡನು ಮಂಡಿಯೂರಿ ಬೇಡುವ ಗುಲಾಮನ ಬಿಲ್ಲೆಯನ್ನು ಮಾಡಿ ಹಂಚಿದನು. ಸರಕಿನಂತೆ ಮನುಷ್ಯರನ್ನು ಜೋಡಿಸಿದ್ದ 'ಬ್ರೂಕ್ಸ್' ಹಡಗಿನ ಚಿತ್ರವು ಮನೆಮನೆಯ ಗೋಡೆಯ ಮೇಲೆ ಕಾಣಿಸಿಕೊಂಡಿತು.

ಈ ಸಮಯದಲ್ಲಿ ಮುದುಕನಾದ ಪಾದ್ರಿಯೊಬ್ಬನು ಬಾಯಿ ತೆರೆದನು. ಜಾನ್ ನ್ಯೂಟನ್ (೧೭೨೫–೧೮೦೭) ಯೌವನದಲ್ಲಿ ಗುಲಾಮರ ಹಡಗಿನ ಕಪ್ತಾನನಾಗಿದ್ದವನು. ೧೭೪೮ರಲ್ಲಿ ಬಿರುಗಾಳಿಗೆ ಸಿಕ್ಕಿ ದೇವರ ಕಡೆಗೆ ತಿರುಗಿದನೆಂದು ಅವನ ಚರಿತ್ರೆಯಲ್ಲಿ ಹೇಳುತ್ತಾರೆ. ಆದರೆ ಹಾಗೆ ತಿರುಗಿದ ಮೇಲೂ ಆರು ವರ್ಷ ಅವನು ಆ ವ್ಯಾಪಾರದಲ್ಲಿಯೇ ಇದ್ದನು. ಮೇಲೆ ಪ್ರಾರ್ಥನೆ, ಕೆಳಗೆ ಸಂಕಲೆ! ಮೂವತ್ತನಾಲ್ಕು ವರ್ಷಗಳ ಮೌನದ ತರುವಾಯ ೧೭೮೮ರಲ್ಲಿ ಅವನು ತಾನು ಕಂಡುದನ್ನೂ ಮಾಡಿದುದನ್ನೂ ಬರೆದು ಪ್ರಕಟಿಸಿ, ಪಶ್ಚಾತ್ತಾಪವನ್ನು ಸೂಚಿಸಿದನು. ಭಕ್ತಿಯು ಹೃದಯವನ್ನು ಮುಟ್ಟಿದ ಕ್ಷಣದಲ್ಲಿಯೇ ಕಣ್ಣನ್ನೂ ತೆರೆಯಿಸುತ್ತದೆಯೆಂದು ತಿಳಿಯುವವರಿಗೆ ನ್ಯೂಟನ್ನನ ಜೀವನವು ಎಚ್ಚರಿಕೆಯಾಗಿದೆ.

ಪಾರ್ಲಿಮೆಂಟು ಮತ್ತು ಅಡುಗೆಮನೆ

ಕ್ವೇಕರರು ಪ್ರಮಾಣವಚನವನ್ನು ಸ್ವೀಕರಿಸದವರಾದುದರಿಂದ ಅವರಿಗೆ ಪಾರ್ಲಿಮೆಂಟಿನಲ್ಲಿ ಪ್ರವೇಶವಿರಲಿಲ್ಲ. ಅಲ್ಲಿ ಅವರ ನಾಲಗೆಯಾದವನು ವಿಲಿಯಂ ವಿಲ್ಬರ್‌ಫೋರ್ಸ್ (೧೭೫೯–೧೮೩೩). ಶ್ರೀಮಂತನಾದ ಈ ತರುಣ ಸದಸ್ಯನು ೧೭೮೫ರ ಸುಮಾರಿಗೆ ಭೋಗಜೀವನದಿಂದ ಧರ್ಮದ ಕಡೆಗೆ ಒಲಿದು, ಈ ಕಾರ್ಯವನ್ನು ದೇವರು ತನಗೆ ವಹಿಸಿದುದೆಂದು ಭಾವಿಸಿದನು. ೧೭೮೯ರಲ್ಲಿ ಮೊದಲ ಸಲ ದೀರ್ಘವಾಗಿ ಮಾತನಾಡಿದನು. ೧೭೯೧ರಲ್ಲಿ ಅವನ ಮಸೂದೆಯು ೮೮ಕ್ಕೆ ೧೬೩ ಮತಗಳಿಂದ ಸೋತಿತು. ಮುಂದೆಯೂ ಅವನು ಪುನಃಪುನಃ ತಂದನು, ಪುನಃಪುನಃ ಸೋತನು.

ಸಭೆಯ ಒಳಗೆ ಸೋತುದನ್ನು ಹೊರಗಿನ ಜನರು ಎತ್ತಿ ಹಿಡಿದರು. ೧೭೯೨ರಲ್ಲಿ ಸುಮಾರು ೩,೯೦,೦೦೦ ಸಹಿಗಳುಳ್ಳ ೫೧೯ ಅರ್ಜಿಗಳು ಪಾರ್ಲಿಮೆಂಟಿಗೆ ಬಂದುವು. ಮತವೂ ಇಲ್ಲದ, ಅರ್ಜಿಗೆ ಸಹಿ ಹಾಕುವ ರೂಢಿಯೂ ಇಲ್ಲದ ಹೆಂಗಸರು ತಮ್ಮ ಅಧಿಕಾರವಿದ್ದ ಅಡುಗೆಮನೆಯಲ್ಲಿಯೇ ಹೋರಾಟವನ್ನು ಹೂಡಿದರು: ವೆಸ್ಟ್ ಇಂಡೀಸಿನ ಸಕ್ಕರೆಯನ್ನು ಬಿಟ್ಟರು. ಹೀಗೆ ಬಿಟ್ಟವರು ಮೂರು ಲಕ್ಷ ಮಂದಿಯೆಂದು ಕ್ಲಾರ್ಕ್‌ಸನ್ನನು ಅಂದಾಜು ಮಾಡಿದ್ದಾನೆ. ವಿದೇಶೀ ವಸ್ತ್ರವನ್ನು ತ್ಯಜಿಸಿದ ನಮ್ಮ ಸ್ವದೇಶೀ ಚಳವಳಿಯ ಬಗೆಯನ್ನು ಇದು ನೆನಪಿಗೆ ತರುತ್ತದೆ.

೧೮೦೭ರ ಫೆಬ್ರವರಿ ೨೩ರಂದು ೧೬ಕ್ಕೆ ೨೮೩ ಮತಗಳಿಂದ ಗುಲಾಮರ ವ್ಯಾಪಾರವನ್ನು ನಿಷೇಧಿಸುವ ಮಸೂದೆಯು ಗೆದ್ದಿತು. ಮಾರ್ಚ್ ೨೫ರಂದು ಶಾಸನವಾಯಿತು. ಸಮಿತಿಯು ಹುಟ್ಟಿ ಇಪ್ಪತ್ತು ವರ್ಷಗಳಾಗಿದ್ದುವು. ಆದರೆ ನಿಂತುದು ಸಾಗಾಟ ಮಾತ್ರ. ತೋಟಗಳಲ್ಲಿದ್ದ ಗುಲಾಮರು ಗುಲಾಮರಾಗಿಯೇ ಉಳಿದರು.

ಸಂಕಲೆ ತೊಟ್ಟವರ ಧರ್ಮ

ಇದುವರೆಗೆ ಹೇಳಿದುದರಿಂದ ಬಿಳಿಯರ ಕನಿಕರವೇ ಎಲ್ಲವನ್ನೂ ಸಾಧಿಸಿತೆಂಬ ಭಾವನೆ ಬಂದೀತು. ಅದು ಸರಿಯಲ್ಲ. ಇಕ್ವಿಯಾನೊ ೧೭೮೯ರಲ್ಲಿ ಪ್ರಕಟಿಸಿದ ಆತ್ಮಕಥೆಯು ಗುಲಾಮನ ಬಾಯಿಂದಲೇ ಸತ್ಯವನ್ನು ನುಡಿಯಿಸಿತು. ಅವನ ಕೊನೆಯ ಒಡೆಯನು ಒಬ್ಬ ಕ್ವೇಕರ್ ವರ್ತಕನೇ ಆಗಿದ್ದನೆಂಬುದನ್ನೂ ಮರೆಯಬಾರದು. ಫ್ರೆಂಚರ ಕೈಯಲ್ಲಿದ್ದ ಹೈಟಿಯಲ್ಲಿ ೧೭೯೧ರಲ್ಲಿ ಗುಲಾಮರು ದಂಗೆಯೆದ್ದು ೧೮೦೪ರಲ್ಲಿ ಸ್ವತಂತ್ರರಾಷ್ಟ್ರವನ್ನೇ ಕಟ್ಟಿದರು.

ಜಮೈಕಾ ದ್ವೀಪದ ಸ್ಯಾಮ್ಯುವೆಲ್ ಶಾರ್ಪ್ ಎಂಬ ಗುಲಾಮನು ಬ್ಯಾಪ್ಟಿಸ್ಟ್ ಸಭೆಯ ಉಪದೇಶಕನಾಗಿದ್ದನು. ಓದು ಬಲ್ಲ ಅವನು ಬೈಬಲಿನಲ್ಲಿ ಕಂಡುದು ವಿಧೇಯತೆಯನ್ನಲ್ಲ, ಬಿಡುಗಡೆಯನ್ನು. ೧೮೩೧ರ ಕ್ರಿಸ್‌ಮಸ್ ಕಳೆದಮೇಲೆ ಕೂಲಿಯಿಲ್ಲದೆ ಕೆಲಸ ಮಾಡುವುದಿಲ್ಲವೆಂದು ಕುಳಿತುಬಿಡಲು ಅವನು ಸಂಗಡಿಗರನ್ನು ಒಪ್ಪಿಸಿದನು. ಮುಷ್ಕರವು ದಂಗೆಯಾಯಿತು, ತೋಟಗಳಿಗೆ ಬೆಂಕಿ ಬಿದ್ದಿತು. ಹದಿನಾಲ್ಕು ಮಂದಿ ಬಿಳಿಯರು ಸತ್ತರು. ಪ್ರತೀಕಾರದಲ್ಲಿ ಮುನ್ನೂರಕ್ಕಿಂತ ಹೆಚ್ಚು ಗುಲಾಮರನ್ನು ಕೊಲ್ಲಲಾಯಿತು. ಶಾರ್ಪನನ್ನು ೧೮೩೨ರ ಮೇ ೨೩ರಂದು ಗಲ್ಲಿಗೇರಿಸಿದರು. ಒಡೆಯರು ಮಿಶನರಿಗಳ ಪ್ರಾರ್ಥನಾಮಂದಿರಗಳನ್ನೂ ಕೆಡವಿದರು. ಕ್ರೈಸ್ತರ ದೇವಾಲಯವನ್ನು ಕ್ರೈಸ್ತರೇ ಕೆಡವಿದ ಸುದ್ದಿಯನ್ನು ವಿಲಿಯಂ ನಿಬ್ ಎಂಬ ಮಿಶನರಿಯು ಇಂಗ್ಲೆಂಡಿಗೆ ಬಂದು ಊರೂರಿನಲ್ಲಿ ಹೇಳಿದಾಗ ಜನರ ಸಹನೆ ಮುಗಿಯಿತು.

೧೮೩೩ರ ಜುಲೈ ೨೬ರಂದು ನಿರ್ಮೂಲನದ ಮಸೂದೆಯು ಗೆಲ್ಲುವುದು ಖಚಿತವಾಯಿತು. ಮೂರು ದಿನಗಳ ಬಳಿಕ ವಿಲ್ಬರ್‌ಫೋರ್ಸನು ತೀರಿಕೊಂಡನು. ೧೮೩೪ರ ಆಗಸ್ಟ್ ೧ರಿಂದ ಶಾಸನವು ಜಾರಿಗೆ ಬಂದಿತು. ಸುಮಾರು ಎಂಟು ಲಕ್ಷ ಜನರು ಹೆಸರಿಗೆ ಸ್ವತಂತ್ರರಾದರು. ಕಸಬು ಕಲಿಯುವವರೆಂಬ ನೆವದಲ್ಲಿ ಮತ್ತೆ ನಾಲ್ಕು ವರ್ಷ ಬಿಟ್ಟಿ ದುಡಿದು, ೧೮೩೮ರಲ್ಲಿ ನಿಜವಾಗಿ ಬಿಡುಗಡೆ ಹೊಂದಿದರು. ಸರಕಾರವು ಎರಡು ಕೋಟಿ ಪೌಂಡು ಪರಿಹಾರವನ್ನು ಕೊಟ್ಟಿತು. ಯಾರಿಗೆ? ಒಡೆಯರಿಗೆ. ಬೆನ್ನ ಮೇಲೆ ಬಾಸುಂಡೆಯಿದ್ದವರಿಗೆ ಕಾಸೂ ದೊರೆಯಲಿಲ್ಲ. ಈ ಪರಿಹಾರಕ್ಕಾಗಿ ಮಾಡಿದ ಸಾಲವು ಬ್ರಿಟಿಷ್ ಸರಕಾರದ ಲೆಕ್ಕದಿಂದ ಪೂರ್ತಿಯಾಗಿ ತೀರಿದುದು ೨೦೧೫ರಲ್ಲಿ.

ಸಕ್ಕರೆಯ ಲಾಭವು ಇಳಿದುದರಿಂದಲೇ ಇಂಗ್ಲೆಂಡು ಗುಲಾಮಗಿರಿಯನ್ನು ಬಿಟ್ಟಿತು, ಧರ್ಮದಿಂದಲ್ಲ ಎಂದು ವಾದಿಸುವವರಿದ್ದಾರೆ. ಟ್ರಿನಿಡಾಡಿನ ಎರಿಕ್ ವಿಲಿಯಮ್ಸ್ ೧೯೪೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹಣದ ಈ ಕಾರಣವನ್ನು ಬಲವಾಗಿ ಮಂಡಿಸಿದರು. ವ್ಯಾಪಾರವು ನಿಷಿದ್ಧವಾದಾಗ ಅದು ಇನ್ನೂ ಲಾಭದಾಯಕವಾಗಿಯೇ ಇದ್ದಿತೆಂದು ಸೀಮೋರ್ ಡ್ರೆಷರ್ ಮೊದಲಾದವರು ಆಮೇಲೆ ಉತ್ತರಕೊಟ್ಟರು. ನಮಗೆ ತೋರುವುದು ಇಷ್ಟು: ಹಣದ ಲೆಕ್ಕವು ಬಾಗಿಲನ್ನು ಸಡಿಲಿಸಿರಬಹುದು, ಆದರೆ ಐವತ್ತು ವರ್ಷ ಆ ಬಾಗಿಲನ್ನು ತಟ್ಟಿದವರು ಲಾಭವನ್ನು ನೆನೆದು ತಟ್ಟಿದವರಲ್ಲ.

ನಮ್ಮ ನೆಲದ ಮಾತು

ದೂರದೇಶದ ಈ ಕಥೆಯು ನಮಗೇಕೆ ಎಂದು ವಾಚಕರು ಕೇಳಬಹುದು. ೧೮೨೦ರ ದಶಕದಲ್ಲಿ ಇಂಗ್ಲೆಂಡಿನ ಸಜ್ಜನರು ಗುಲಾಮರು ಬೆಳೆಯದ ಸಕ್ಕರೆಯೆಂದು ಇಂಡಿಯದ ಸಕ್ಕರೆಯನ್ನು ಕೊಂಡು, ಹಾಗೆಂದು ಬರೆದ ಬಟ್ಟಲುಗಳಲ್ಲಿ ತುಂಬಿಟ್ಟರು. ಇಂಡಿಯದಲ್ಲಿ ಗುಲಾಮರಿರಲಿಲ್ಲವೆ? ೧೮೦೦–೦೧ರಲ್ಲಿ ಮಲಬಾರು ಮತ್ತು ಕನ್ನಡ ಜಿಲ್ಲೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ಇಲ್ಲಿನ ಗದ್ದೆಗಳಲ್ಲಿ ದುಡಿಯುವ ಗುಲಾಮರನ್ನು ಕಂಡು ಬರೆದಿಟ್ಟಿದ್ದಾನೆ. ನಮ್ಮ ಕಾಸರಗೋಡೂ ಅಂದು ಆ ಕನ್ನಡ ಜಿಲ್ಲೆಯ ಭಾಗವೇ. ಒಡೆಯನು ಅವರನ್ನು ಮಾರಬಹುದಾಗಿತ್ತು, ಅಡವಿಡಬಹುದಾಗಿತ್ತು, ಬಾಡಿಗೆಗೆ ಕೊಡಬಹುದಾಗಿತ್ತು. ಇದನ್ನು ಮಾಡಿದವರು ಪರದೇಶದಿಂದ ಬಂದವರಲ್ಲ. ಅವರ ಮನೆಗಳಲ್ಲಿಯೂ ದೇವರ ದೀಪ ಉರಿಯುತ್ತಿತ್ತು, ಪುರಾಣಪ್ರವಚನ ನಡೆಯುತ್ತಿತ್ತು.

೧೮೩೩ರ ಆ ಪ್ರಸಿದ್ಧ ಶಾಸನವು ಈಸ್ಟ್ ಇಂಡಿಯಾ ಕಂಪೆನಿಯ ಆಳ್ವಿಕೆಯ ಪ್ರದೇಶಗಳನ್ನು ಹೊರಗಿಟ್ಟಿತು. ಹತ್ತು ವರ್ಷ ಕಳೆದು ೧೮೪೩ರ ಐದನೆಯ ಕಾಯಿದೆಯಿಂದ ಇಲ್ಲಿನ ನ್ಯಾಯಸ್ಥಾನಗಳು ಗುಲಾಮರ ಮೇಲಿನ ಹಕ್ಕನ್ನು ಮಾನ್ಯಮಾಡುವುದು ನಿಂತಿತು. ಮನುಷ್ಯನನ್ನು ಗುಲಾಮನನ್ನಾಗಿ ಕೊಳ್ಳುವುದು ಮಾರುವುದು ದಂಡನೀಯ ಅಪರಾಧವಾದುದು ೧೮೬೦ರ ದಂಡಸಂಹಿತೆಯಿಂದ. ಈ ನಡುವೆ ೧೮೩೪ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದಿದ್ದರು. ಅವರು ನಮ್ಮ ನಾಡಿನಲ್ಲಿ ಮಾಡಿದ ಕೆಲಸವು ಬೇರೊಂದು ಲೇಖನಕ್ಕೆ ವಿಷಯ.

ವೆಸ್ಟ್ ಇಂಡೀಸಿನಲ್ಲಿ ಗುಲಾಮರು ಬಿಟ್ಟುಹೋದ ತೋಟಗಳಿಗೆ ಆಳುಗಳು ಬೇಕಾದಾಗ ಒಡೆಯರ ಕಣ್ಣು ಬಿದ್ದುದು ಇಂಡಿಯದ ಬಡವರ ಮೇಲೆ. ೧೮೩೪ರಿಂದ ಮಾರಿಷಸ್ಸಿಗೂ, ೧೮೩೮ರಿಂದ ಬ್ರಿಟಿಷ್ ಗಯಾನಕ್ಕೂ, ಅನಂತರ ಫಿಜಿಯವರೆಗೂ ಕರಾರು ಕೂಲಿಗಳು ಹಡಗು ಹತ್ತಿದರು. ಹೆಸರು ಬದಲಾಯಿತು, ಗುಡಿಸಲು ಅದೇ ಉಳಿಯಿತು. ಇದರ ವಿರುದ್ಧ ಗೋಖಲೆ, ಗಾಂಧೀಜಿ ಮೊದಲಾದವರು ಹೋರಾಡಿದರು. ಅವರ ಜೊತೆಗೆ ನಿಂತ ಆಂಗ್ಲ ಪಾದ್ರಿ ಸಿ. ಎಫ್. ಆಂಡ್ರೂಸ್ ೧೯೧೫ರಲ್ಲಿ ಪಿಯರ್ಸನ್ನರೊಡನೆ ಫಿಜಿಗೆ ಹೋಗಿ ಕೂಲಿಗಳ ಗುಡಿಸಲುಗಳನ್ನು ಕಣ್ಣಾರೆ ಕಂಡು ವರದಿ ಬರೆದರು. ೧೯೧೭ರಲ್ಲಿ ಆ ಸಾಗಾಟವು ನಿಂತಿತು. ಜನರು ಅವರನ್ನು ದೀನಬಂಧುವೆಂದು ಕರೆದುದು ಅವರ ಮತವನ್ನು ನೋಡಿಯಲ್ಲ, ನಡೆಯನ್ನು ನೋಡಿ.

ಸ್ವತಂತ್ರ ಭಾರತದ ಸಂವಿಧಾನವು ತನ್ನ ೧೭ನೆಯ ವಿಧಿಯಿಂದ ಅಸ್ಪೃಶ್ಯತೆಯನ್ನೂ ೨೩ನೆಯ ವಿಧಿಯಿಂದ ಬಿಟ್ಟಿದುಡಿಮೆಯನ್ನೂ ನಿಷೇಧಿಸಿತು. ಆದರೂ ಜೀತವನ್ನು ನಿಲ್ಲಿಸಲು ೧೯೭೬ರಲ್ಲಿ ಪ್ರತ್ಯೇಕ ಕಾಯಿದೆಯೊಂದು ಬೇಕಾಯಿತು. ಕಾಯಿದೆಯು ಒಂದು ದಿನದಲ್ಲಿ ಹುಟ್ಟುತ್ತದೆ, ಮನಸ್ಸು ಹಾಗಲ್ಲ.

ಮೊದಲಿನ ಪ್ರಶ್ನೆಗೆ ಈಗ ಮರಳೋಣ. ಕ್ರೈಸ್ತ ಧರ್ಮವು ಗುಲಾಮಗಿರಿಯನ್ನು ತೊಡೆಯಿತೆಂದು ಹೇಳಿದರೆ ಬಾರ್ಬಡೋಸಿನ ಬರೆಗಳು ನಮ್ಮನ್ನು ಸುಳ್ಳಾಗಿಸುತ್ತವೆ. ಆ ಧರ್ಮಕ್ಕೂ ಈ ಕಾರ್ಯಕ್ಕೂ ಸಂಬಂಧವಿಲ್ಲವೆಂದರೆ ವುಲ್ಮನ್ನನ ಬಿಳಿಬಟ್ಟೆಯೂ ಸ್ಯಾಮ್ಯುವೆಲ್ ಶಾರ್ಪನ ಗಲ್ಲುಗಂಬವೂ ಎದುರು ನಿಲ್ಲುತ್ತವೆ. ತಾವು ನಂಬಿದ ಮಾತನ್ನು ನಿಜವೆಂದೇ ಹಿಡಿದು, ಅದರ ಬೆಲೆಯನ್ನು ತಾವೇ ತೆರಲು ಸಿದ್ಧರಾದ ಕೆಲವರ ಮೂಲಕ ಮಾತ್ರ ಧರ್ಮವು ಸಮಾಜವನ್ನು ತಿದ್ದುತ್ತದೆ. ಉಳಿದವರ ಕೈಯಲ್ಲಿ ಅದು ಇದ್ದುದನ್ನು ಇದ್ದಂತೆಯೇ ಕಾಯುವ ಬೀಗವಾಗುತ್ತದೆ. ಈ ಮಾತು ಒಂದು ಮತಕ್ಕೆ ಮಾತ್ರ ಸಲ್ಲುವುದಲ್ಲ.

ತರಗತಿಯಲ್ಲಿ ಈ ಪಾಠ ಬಂದಾಗ ವಿಲ್ಬರ್‌ಫೋರ್ಸನ ಹೆಸರಿನೊಡನೆ ಆ ದರ್ಜಿಯ ಹೆಸರನ್ನೂ ಗಲ್ಲಿಗೇರಿದ ಗುಲಾಮನ ಹೆಸರನ್ನೂ ಮಕ್ಕಳಿಗೆ ಹೇಳೋಣ. ಆಮೇಲೆ ನಮ್ಮ ಊರಿನ ಗದ್ದೆಗಳನ್ನು ಹಿಂದೆ ಯಾರು ಉತ್ತರು, ಅವರಿಗೆ ದೊರೆತುದೇನು ಎಂಬುದನ್ನೂ ಕೇಳಲು ಅವರಿಗೆ ಕಲಿಸೋಣ. ಪರರ ಚರಿತ್ರೆಯನ್ನು ಓದಿದುದು ಸಾರ್ಥಕವಾಗುವುದು ನಮ್ಮ ಅಂಗಳವನ್ನು ನೋಡುವ ಧೈರ್ಯವನ್ನು ಅದು ಕೊಟ್ಟಾಗಲೇ.